ಕಲ್ಲಿದ್ದಲು ಗಣಿಯ ಎಕ್ಸ್‌ಕವೇಟರ್‌ಗೆ ಜಿಪಿಎಸ್: ನಕ್ಷೆಯ ಮೇಲೆ ಒಂದು ಚುಕ್ಕೆ ಸಾಕಾ?

ಸುರತ್ಕಲ್_ಟ್ರ್ಯಾಕರ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸುರತ್ಕಲ್‌ನಲ್ಲಿ ನಮ್ಮದೊಂದು ಸಣ್ಣ ಕಂಪನಿ ಉಂಟು. ಲಾರಿ, ಟಿಪ್ಪರ್, ಶಾಲಾ ಬಸ್ಸುಗಳಿಗೆ ಜಿಪಿಎಸ್ ಹಾಕಿಕೊಡುತ್ತೇವೆ. ಈ ಕಡೆಯ ಕೆಲವು ಮರಳು ಲಾರಿಗಳಲ್ಲೂ ನಮ್ಮದೇ ಪೆಟ್ಟಿಗೆ ಇದೆ.

ಈಗ ಮಧ್ಯಪ್ರದೇಶದ ಸಿಂಗ್ರೌಲಿ ಕಡೆಯ ಒಂದು ತೆರೆದ ಕಲ್ಲಿದ್ದಲು ಗಣಿಯಿಂದ ಕರೆ ಬಂದಿದೆ. ಅಲ್ಲಿ ಓಬಿ ತೆಗೆಯುವ ಗುತ್ತಿಗೆ ಹಿಡಿದವರು ಇವರು. ಓಬಿ ಅಂದರೆ ಕಲ್ಲಿದ್ದಲಿನ ಮೇಲೆ ಕೂತಿರುವ ಮಣ್ಣು, ಬಂಡೆ. ಜೊತೆಗೆ ಸ್ವಲ್ಪ ಕಲ್ಲಿದ್ದಲನ್ನೂ ಅವರೇ ಅಗೆಯುತ್ತಾರಂತೆ. ಪ್ರತಿ ಎಕ್ಸ್‌ಕವೇಟರ್, ಪ್ರತಿ ಡಂಪರ್ ಈ ಕ್ಷಣ ಎಲ್ಲಿದೆ, ಏನು ಮಾಡುತ್ತಿದೆ ಅಂತ ಆಫೀಸಿನ ಪರದೆಯಲ್ಲಿ ಕಾಣಬೇಕು ಅನ್ನುವುದು ಅವರ ಬೇಡಿಕೆ.

ಲಾರಿಗೆ ಹಾಕುವ ಪೆಟ್ಟಿಗೆಯನ್ನೇ ಹಾಕಿ, ಸಿಮ್ ಕೊಟ್ಟು, 10 ಸೆಕೆಂಡಿಗೊಮ್ಮೆ ಸ್ಥಾನ ಕಳಿಸುವ ಹಾಗೆ ಮಾಡಿದರೆ ಸಾಕಾ? ಗಣಿಯಲ್ಲಿ ದುಡಿದವರು ಇಲ್ಲಿ ಇದ್ದೀರಿ. ದಯವಿಟ್ಟು ಹೇಳಿ.

ಕಾರ್ಕಳ_ಟಿಪ್ಪರ್ ಬರೆದದ್ದು:

ಸಾಕು ಮಾರಾಯ್ರೆ. ನನ್ನ ಎರಡು ಹಿಟಾಚಿ, ಟಿಪ್ಪರ್‌ಗಳಿಗೆ ಅದನ್ನೇ ಹಾಕಿಸಿದ್ದೇನೆ. ಕಲ್ಲಿನ ಕೋರೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಇಂಜಿನ್ ಎಷ್ಟು ಗಂಟೆ ಓಡಿತು, ಡೀಸೆಲ್ ಎಷ್ಟು ಹೋಯಿತು, ರಾತ್ರಿ ಗಾಡಿ ಯಾರಾದರೂ ತೆಗೆದರಾ, ಇಷ್ಟು ಗೊತ್ತಾದರೆ ಮಾಲೀಕನಿಗೆ ಇನ್ನೇನು ಬೇಕು? ಗಣಿ ದೊಡ್ಡದು ಅಂತ ಸುಮ್ನೆ ದುಬಾರಿ ಸಾಮಾನು ತುಂಬಬೇಡಿ.

ಕುದುರೆಮುಖ_ಸರ್ವೇಯರ್ ಬರೆದದ್ದು:

ಟಿಪ್ಪರ್‌ನವರೇ, ನಿಮ್ಮ ಕೋರೆಗೆ ಅದು ಸರಿ. ಕಲ್ಲಿದ್ದಲು ಗಣಿಗೆ ಸಾಲದು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು ಕುದುರೆಮುಖದಲ್ಲಿ ಸರ್ವೇಯರ್ ಆಗಿದ್ದವನು. 2005ರ ಡಿಸೆಂಬರ್ 31ಕ್ಕೆ ಅಲ್ಲಿ ಅಗೆತ ನಿಂತಿತು. ಆಮೇಲೆ ನಿವೃತ್ತಿಯವರೆಗೂ ಉತ್ತರದ ಕಲ್ಲಿದ್ದಲು ಗಣಿಗಳಲ್ಲಿ ದುಡಿದೆ. ಈಗ ಉಡುಪಿಯಲ್ಲಿದ್ದೇನೆ.

ಮೊದಲನೇ ವಿಷಯ. ಲಾರಿಯ ಕೆಲಸ ಓಡುವುದು, ಹಾಗಾಗಿ ಚುಕ್ಕೆ ಓಡಿದರೆ ಲಾರಿ ದುಡಿಯುತ್ತಿದೆ ಅಂತ ಅರ್ಥ. ಎಕ್ಸ್‌ಕವೇಟರ್ ಹಾಗಲ್ಲ. ಅದು ಜೋರಾಗಿ ದುಡಿಯುವ ಹೊತ್ತಿನಲ್ಲಿ ಒಂದೇ ಕಡೆ ನಿಂತಿರುತ್ತದೆ. ಚೈನ್ ಅಲ್ಲಾಡುವುದಿಲ್ಲ, ಮೇಲಿನ ಭಾಗ ಮಾತ್ರ ತಿರುಗುತ್ತದೆ. ಅಗೆ, ತಿರುಗು, ಡಂಪರ್‌ಗೆ ಸುರಿ, ವಾಪಸ್ ಬಾ. ಈ ಒಂದು ಸುತ್ತಿಗೆ ಸುಮಾರು ಅರ್ಧ ನಿಮಿಷ. ನಿಮ್ಮ ಪೆಟ್ಟಿಗೆ ಇಷ್ಟನ್ನೂ "ನಿಂತಿದೆ" ಅಂತ ತೋರಿಸುತ್ತದೆ. ಅದೇ ಯಂತ್ರ ಚೈನ್ ಮೇಲೆ ನಡೆದು ಬೇರೆ ಬೆಂಚಿಗೆ, ಅಂದರೆ ಗಣಿಯಲ್ಲಿ ಮೆಟ್ಟಿಲಿನ ಹಾಗೆ ಕಡಿದ ಇನ್ನೊಂದು ಹಂತಕ್ಕೆ, ಹೋಗುತ್ತಿದ್ದರೆ, ಅಂದರೆ ಒಂದು ಬಕೆಟ್ ಮಣ್ಣೂ ತೆಗೆಯದ ಹೊತ್ತಿನಲ್ಲಿ, "ಚಲಿಸುತ್ತಿದೆ" ಅಂತ ಹಸಿರು ತೋರಿಸುತ್ತದೆ. ಪೂರ್ತಿ ಉಲ್ಟಾ!

ಎರಡನೆಯದು ಇನ್ನೂ ಮುಖ್ಯ. ಕಲ್ಲಿದ್ದಲು ಒಂದೇ ಗಟ್ಟಿಯಾಗಿ ಸಿಗುವುದಿಲ್ಲ. ಪದರದ ಮೇಲೆ ಬಂಡೆ, ಕೆಳಗೆ ಬಂಡೆ, ನಡುವೆಯೂ ಜೇಡಿಕಲ್ಲಿನ ಪಟ್ಟಿಗಳು. ಎಲ್ಲಿ ಬಂಡೆ ಮುಗಿದು ಕಲ್ಲಿದ್ದಲು ಶುರುವಾಗುತ್ತದೆ ಅನ್ನುವ ಆ ಗೆರೆಯಲ್ಲೇ ಗಣಿಯ ಲಾಭ ನಷ್ಟ ಇರುವುದು. ಲೆಕ್ಕ ಹಾಕಿ ನೋಡಿ. 100 ಮೀಟರ್ ಉದ್ದ, 50 ಮೀಟರ್ ಅಗಲದ ಒಂದು ಬೆಂಚು. ಓಬಿ ತೆಗೆಯುವಾಗ ಬಕೆಟ್ 30 ಸೆಂಟಿಮೀಟರ್ ಜಾಸ್ತಿ ಕೆಳಗೆ ಹೋಯಿತು ಅಂತಿಟ್ಟುಕೊಳ್ಳಿ. 1,500 ಘನ ಮೀಟರ್ ಕಲ್ಲಿದ್ದಲು ಓಬಿ ಜೊತೆ ಡಂಪ್‌ಗೆ, ಅಂದರೆ ಓಬಿ ಸುರಿಯುವ ರಾಶಿಗೆ, ಹೋಯಿತು. ಘನ ಮೀಟರಿಗೆ ಒಂದೂವರೆ ಟನ್ ಹಿಡಿದರೆ 2,250 ಟನ್. ಒಂದು ಪೂರ್ತಿ ಗೂಡ್ಸ್ ರೈಲಿನ ಅರ್ಧಕ್ಕಿಂತ ಜಾಸ್ತಿ. ಅಷ್ಟೇ ಆದರೆ ನಷ್ಟ ಅಂತ ಬಿಡಬಹುದಿತ್ತು. ಡಂಪ್‌ನೊಳಗೆ ಸೇರಿದ ಕಲ್ಲಿದ್ದಲು ಗಾಳಿ ತಾಗಿ ತನ್ನಷ್ಟಕ್ಕೇ ಬಿಸಿಯೇರುತ್ತದೆ. ಡಂಪ್ ಒಳಗಿನಿಂದ ಹೊಗೆಯಾಡುವುದನ್ನು ನಾನು ನೋಡಿದ್ದೇನೆ. ಆರಿಸುವುದು ಬಹಳ ಕಷ್ಟ.

ಸಾಮಾನ್ಯ ಜಿಪಿಎಸ್ ಬಯಲಿನಲ್ಲೇ 3ರಿಂದ 5 ಮೀಟರ್ ಆಚೀಚೆ ತೋರಿಸುತ್ತದೆ. ಎತ್ತರದ ಲೆಕ್ಕದಲ್ಲಿ ತಪ್ಪು ಇನ್ನೂ ಜಾಸ್ತಿ. ಇದನ್ನು ಇಟ್ಟುಕೊಂಡು 30 ಸೆಂಟಿಮೀಟರ್ ನೋಡಲಿಕ್ಕೆ ಆಗುವುದಿಲ್ಲ, ಅಲ್ವಾ?

ಹಾಗಾಗಿ ನಾನು ಹೇಳುವುದು ಇಷ್ಟು. ಯಂತ್ರ ಎಲ್ಲಿದೆ ಅನ್ನುವುದನ್ನು ಬಿಡಿ, ಬಕೆಟ್ಟಿನ ಹಲ್ಲು ಎಲ್ಲಿದೆ ಅನ್ನುವುದನ್ನು ಹಿಡಿಯಿರಿ. ಅದನ್ನು ಆಫೀಸಿಗೆ ತೋರಿಸುವ ಮೊದಲು ಕ್ಯಾಬಿನ್‌ನಲ್ಲಿ ಕೂತ ಆಪರೇಟರ್‌ಗೆ ತೋರಿಸಿ. ಹೆಚ್ಚು ಅಗೆದದ್ದು ಆಫೀಸಿನವನಿಗೆ ಗೊತ್ತಾಗುವಾಗ ಕೆಲಸ ಕೆಟ್ಟಾಗಿರುತ್ತದೆ. ಲಿವರ್ ಇರುವುದು ಆಪರೇಟರ್ ಕೈಯಲ್ಲಿ.

ಗಣಿ_ವಿದ್ಯಾರ್ಥಿ ಬರೆದದ್ದು:

ಸರ್, ನಾನು ಎನ್‌ಐಟಿಕೆಯಲ್ಲಿ ಮೈನಿಂಗ್ ಓದುತ್ತಿದ್ದೇನೆ. ಹಲ್ಲಿನ ಸ್ಥಾನ ಹೇಗೆ ಸಿಗುತ್ತದೆ? ಬಕೆಟ್ ಮೇಲೆ ಆಂಟೆನಾ ಇಟ್ಟರೆ ಮೊದಲ ಬಂಡೆಗೇ ಪುಡಿಯಾಗುವುದಿಲ್ಲವಾ?

ಕುದುರೆಮುಖ_ಸರ್ವೇಯರ್ ಬರೆದದ್ದು:

ಬಕೆಟ್ ಮೇಲೆ ಯಾರೂ ಇಡುವುದಿಲ್ಲ ತಮ್ಮಾ. ನಿನ್ನ ತೋಳನ್ನೇ ನೋಡು. ಭುಜ ಎಲ್ಲಿದೆ ಅಂತ ಗೊತ್ತಿದ್ದು, ಭುಜ, ಮೊಣಕೈ, ಮಣಿಕಟ್ಟು ಎಷ್ಟೆಷ್ಟು ಬಾಗಿವೆ ಅಂತ ತಿಳಿದರೆ ಕಣ್ಣು ಮುಚ್ಚಿಕೊಂಡೂ ಬೆರಳ ತುದಿ ಎಲ್ಲಿದೆ ಅಂತ ಹೇಳಬಹುದು. ಎಕ್ಸ್‌ಕವೇಟರ್‌ನಲ್ಲಿ ಬೂಮ್, ಆರ್ಮ್, ಬಕೆಟ್, ಮೂರಕ್ಕೂ ಒಂದೊಂದು ಕೋನ ಅಳೆಯುವ ಸೆನ್ಸರ್. ಮೈಗೆ ಇನ್ನೊಂದು, ಯಂತ್ರ ಎಷ್ಟು ವಾಲಿದೆ ಅಂತ ನೋಡಲಿಕ್ಕೆ. ಹಿಂಬದಿಯ ಕೌಂಟರ್‌ವೇಟ್ ಮೇಲೆ ಎರಡು ಆಂಟೆನಾ. ಉಳಿದದ್ದು ತ್ರಿಕೋನಮಿತಿ.

ಒಂದು ಆಂಟೆನಾ ಸಾಲದಾ ಅಂತ ಕೇಳಬಹುದು. ನಿಂತ ಯಂತ್ರ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಒಂದರಿಂದ ಸರಿಯಾಗಿ ತಿಳಿಯುವುದಿಲ್ಲ. ಎರಡಿದ್ದರೆ ಅವುಗಳ ನಡುವಿನ ಗೆರೆಯಿಂದ ದಿಕ್ಕು ಆಗಿಂದಾಗಲೇ ಸಿಗುತ್ತದೆ. ದಿಕ್ಕಿನಲ್ಲಿ 0.1 ಡಿಗ್ರಿ ತಪ್ಪಾದರೆ, 15 ಮೀಟರ್ ದೂರದ ಹಲ್ಲಿನಲ್ಲಿ ಅದು 2.6 ಸೆಂಟಿಮೀಟರ್ ಆಗುತ್ತದೆ. ಅಷ್ಟು ನಡೆಯುತ್ತದೆ. ಒಂದು ಡಿಗ್ರಿ ತಪ್ಪಾದರೆ 26 ಸೆಂಟಿಮೀಟರ್, ಅದು ನಡೆಯುವುದಿಲ್ಲ.

ಗಣಿಯಲ್ಲಿ ಅಗೆದು ತುಂಬುವ ಯಂತ್ರಕ್ಕೆ ಶೋವೆಲ್ ಅಂತಲೂ ಹೇಳುತ್ತಾರೆ. ಉಕ್ಕಿನ ಹಗ್ಗದಿಂದ ಬಕೆಟ್ ಎಳೆಯುವ, ಕರೆಂಟಿನ ದೊಡ್ಡ ರೋಪ್ ಶೋವೆಲ್‌ಗಳಲ್ಲಿ ಬೂಮ್ ಅಲುಗಾಡುವುದಿಲ್ಲ. ಅಲ್ಲಿ ಹಗ್ಗ ಎಷ್ಟು ಸುತ್ತಿದೆ, ಬಕೆಟ್ಟಿನ ಹಿಡಿ ಎಷ್ಟು ಮುಂದೆ ಹೋಗಿದೆ ಅನ್ನುವುದನ್ನು ಎನ್‌ಕೋಡರ್ ಅನ್ನುವ, ತಿರುಗುವಿಕೆ ಅಳೆಯುವ ಸೆನ್ಸರ್‌ನಿಂದ ಓದಬೇಕು. ಛತ್ತೀಸ್‌ಗಢದ ಗೆವ್ರಾದಂಥ ದೊಡ್ಡ ಕಲ್ಲಿದ್ದಲು ಗಣಿಯಲ್ಲಿ 42 ಘನ ಮೀಟರಿನ ಶೋವೆಲ್, 240 ಟನ್ನಿನ ಡಂಪರ್‌ಗಳಿವೆ. ಅಲ್ಲಿ ಒಂದು ಬಕೆಟ್ ತಪ್ಪು ಕಡೆ ಹೋದರೂ ಸಣ್ಣ ಲೆಕ್ಕವಲ್ಲ.

ಬಿಜೈ_ರೇಡಿಯೋ ಬರೆದದ್ದು:

ಸರ್ವೇಯರ್ ಸರ್ ಹೇಳಿದ್ದಕ್ಕೆ ನನ್ನದೊಂದಿಷ್ಟು ಸೇರಿಸುತ್ತೇನೆ. ನಾನು ರೇಡಿಯೋ ಸಂಪರ್ಕದ ಕೆಲಸ ಮಾಡುವವಳು. ಎರಡು ಗಣಿಗಳಿಗೆ ನೆಟ್‌ವರ್ಕ್ ಹಾಕಿದ ತಂಡದಲ್ಲಿದ್ದೆ.

ಸೆಂಟಿಮೀಟರ್ ಮಟ್ಟದ ಸ್ಥಾನ ಬೇಕೆಂದರೆ ಆರ್‌ಟಿಕೆ ಬೇಕು. ಗಣಿಯ ಅಂಚಿನಲ್ಲಿ, ಮೊದಲೇ ಅಳೆದಿಟ್ಟ ಜಾಗದಲ್ಲಿ, ಒಂದು ಬೇಸ್ ಸ್ಟೇಷನ್ ಕೂರಿಸುತ್ತೀರಿ. ಅದಕ್ಕೆ ತನ್ನ ಜಾಗ ಗೊತ್ತು. ಉಪಗ್ರಹದ ಸಂಕೇತದಲ್ಲಿ ಎಷ್ಟು ತಪ್ಪಿದೆ ಅಂತ ಲೆಕ್ಕ ಹಾಕಲಿಕ್ಕೆ ಬೇಕಾದದ್ದನ್ನು ಅದು ರೇಡಿಯೋದಲ್ಲಿ ಯಂತ್ರಗಳಿಗೆ ಕಳಿಸುತ್ತಲೇ ಇರುತ್ತದೆ. ಆ ತಿದ್ದುಪಡಿ ಬರುತ್ತಿರುವವರೆಗೆ ಆಂಟೆನಾದ ಸ್ಥಾನ ಒಂದೆರಡು ಸೆಂಟಿಮೀಟರ್ ಒಳಗೆ ಇರುತ್ತದೆ. ನಿಂತರೆ ನಿಖರತೆ ಜಾರುತ್ತದೆ. ಹಾಗಾಗಿ ಪರದೆಯ ಮೇಲೆ ಸ್ಥಾನದ ಜೊತೆ ಅದು ಎಷ್ಟು ನಂಬಿಕೆಯದು ಅನ್ನುವುದನ್ನೂ ತೋರಿಸಲೇಬೇಕು. ಆರ್‌ಟಿಕೆ ಕೈಕೊಟ್ಟಾಗ ಹಳೆಯ ಅಂಕಿಯನ್ನೇ ಹಸಿರು ಬಣ್ಣದಲ್ಲಿ ತೋರಿಸುವ ಸಾಫ್ಟ್‌ವೇರ್ ನೋಡಿದ್ದೇನೆ. ಅದರಷ್ಟು ಅಪಾಯದ್ದು ಇನ್ನೊಂದಿಲ್ಲ. ಆಪರೇಟರ್ ಅದನ್ನು ನಂಬಿ ಅಗೆಯುತ್ತಾನೆ.

ಇನ್ನು ಸಿಮ್ ವಿಷಯ. ಮೊಬೈಲ್ ಟವರ್ ಊರಿನ ಕಡೆ ಇರುತ್ತದೆ, ಗಣಿ ಕೆಳಗೆ ಇರುತ್ತದೆ. ಎತ್ತರದ ಗೋಡೆಯ ಬುಡದಲ್ಲಿ ಸಿಗ್ನಲ್ ಸಿಗುವುದಿಲ್ಲ. ಜೊತೆಗೆ ಗಣಿ ದಿನದಿನಕ್ಕೂ ಆಕಾರ ಬದಲಿಸುತ್ತದೆ. ಇವತ್ತು ಸಿಗುವ ಜಾಗದಲ್ಲಿ ಮುಂದಿನ ತಿಂಗಳು ಸಿಗದೆ ಇರಬಹುದು. ಅದಕ್ಕೇ ಚಕ್ರದ ಗಾಡಿಯ ಮೇಲೆ ಕಂಬ, ಸೋಲಾರ್ ಫಲಕ, ಬ್ಯಾಟರಿ ಇಟ್ಟು, ಬೇಕಾದಲ್ಲಿಗೆ ಎಳೆದುಕೊಂಡು ಹೋಗುವ ಹಾಗೆ ಮಾಡುತ್ತಾರೆ. ಬ್ಲಾಸ್ಟಿಂಗ್‌ಗೆ ಮೊದಲು ಈ ಗಾಡಿಗಳನ್ನೂ ದೂರ ಎಳೆಯಬೇಕು. ಇದನ್ನು ಯಾರು ಮಾಡುತ್ತಾರೆ ಅಂತ ಗುತ್ತಿಗೆಯಲ್ಲೇ ಬರೆಸಿಕೊಳ್ಳಿ. ಬರೆಸದಿದ್ದರೆ ಯಾರೂ ಮಾಡುವುದಿಲ್ಲ. ಮೆಶ್ ನೆಟ್‌ವರ್ಕ್ ಆದರೆ ಇನ್ನೂ ಒಳ್ಳೆಯದು. ಪ್ರತಿ ಡಂಪರ್, ಪ್ರತಿ ಎಕ್ಸ್‌ಕವೇಟರ್ ತಾನೂ ಒಂದು ರೇಡಿಯೋ ಆಗಿ ಪಕ್ಕದವನ ಮಾಹಿತಿಯನ್ನು ದಾಟಿಸುತ್ತದೆ.

ಸಂಪರ್ಕ ಕಡಿದಾಗ ಪೆಟ್ಟಿಗೆ ಮಾಹಿತಿಯನ್ನು ಒಳಗೇ ಉಳಿಸಿಕೊಂಡು, ಸಿಕ್ಕಿದ ಮೇಲೆ ಕಳಿಸಬೇಕು. ಸಮಯವನ್ನು ಉಪಗ್ರಹದ ಗಡಿಯಾರದಿಂದ ಹಿಡಿಯಿರಿ, ಸರ್ವರಿಗೆ ತಲುಪಿದ ಹೊತ್ತಿನಿಂದ ಬೇಡ. ಇಲ್ಲದಿದ್ದರೆ ಯಾವ ಡಂಪರ್ ಯಾವ ಶೋವೆಲ್ ಹತ್ತಿರ ಯಾವಾಗ ಇತ್ತು ಅನ್ನುವ ಲೆಕ್ಕವೇ ತಪ್ಪುತ್ತದೆ.

ಗಣಿ_ವಿದ್ಯಾರ್ಥಿ ಬರೆದದ್ದು:

ಅಕ್ಕಾ, ಆಳದ ಗಣಿಯಲ್ಲಿ ಆಕಾಶವೇ ಅರ್ಧ ಕಾಣುತ್ತದಲ್ಲ, ಉಪಗ್ರಹ ಸಾಕಷ್ಟು ಸಿಗುತ್ತವಾ?

ಬಿಜೈ_ರೇಡಿಯೋ ಬರೆದದ್ದು:

ಒಳ್ಳೆಯ ಪ್ರಶ್ನೆ. ಗೋಡೆಯ ಬುಡದಲ್ಲಿ ಕಡಿಮೆ ಸಿಗುತ್ತವೆ. ಬಂಡೆಗೆ ಬಡಿದು ವಾಪಸ್ ಬರುವ ಸಂಕೇತ ಬೇರೆ ಕಾಟ ಕೊಡುತ್ತದೆ. ಜಿಪಿಎಸ್ ಒಂದನ್ನೇ ನಂಬಿದ್ದ ಕಾಲದಲ್ಲಿ ಇದು ದೊಡ್ಡ ತಲೆನೋವು. ಈಗ ಬೇರೆಯವರ ಉಪಗ್ರಹ ವ್ಯವಸ್ಥೆಗಳಾದ ಗ್ಲೋನಾಸ್, ಗೆಲಿಲಿಯೋ, ಬೈದು, ಜೊತೆಗೆ ನಮ್ಮ ನಾವಿಕ್, ಎಲ್ಲವನ್ನೂ ಹಿಡಿಯುವ ರಿಸೀವರ್‌ಗಳಿವೆ. ಅದಕ್ಕೂ ಬಗ್ಗದ ಜಾಗಗಳಲ್ಲಿ ಗಣಿಯ ಅಂಚಿನಲ್ಲೇ ಉಪಗ್ರಹದ ಹಾಗೆ ಸಂಕೇತ ಬಿಡುವ ಟ್ರಾನ್ಸ್‌ಮಿಟರ್ ಇಡುತ್ತಾರೆ. ಆಸ್ಟ್ರೇಲಿಯಾದ ಬಾಡಿಂಗ್‌ಟನ್ ಚಿನ್ನದ ಗಣಿಯಲ್ಲಿ ಹಾಗೆ ಮಾಡಿದ್ದರು. ಇವರ ಗಣಿಗೆ ಅದರ ಅಗತ್ಯ ಬರಲಿಕ್ಕಿಲ್ಲ. ಆದರೆ ಜಾಗ ನೋಡದೆ ಹೇಳಬಾರದು.

ಹೆಬ್ರಿ_ಆಪರೇಟರ್ ಬರೆದದ್ದು:

ನಾನು ಈಗ ಊರಿನಲ್ಲಿ ಹಿಟಾಚಿ ಓಡಿಸುತ್ತೇನೆ. ಮೊದಲು ಹೊರರಾಜ್ಯದ ಕಲ್ಲಿದ್ದಲು ಗಣಿಯಲ್ಲಿ ಒಬ್ಬ ಗುತ್ತಿಗೆದಾರರ ಕೈಕೆಳಗೆ ಶೋವೆಲ್ ಆಪರೇಟರ್ ಆಗಿದ್ದೆ. ನಮ್ಮ ಕಡೆಯ ಮಾತನ್ನೂ ಕೇಳಿ.

ಅಲ್ಲಿ ಹೀಗೇ ಪೆಟ್ಟಿಗೆ ಹಾಕಿದರು. ನಮಗೆ ಏನೂ ಹೇಳಲಿಲ್ಲ. ತಿಂಗಳ ಕೊನೆಗೆ "ನಿನ್ನ ಶೋವೆಲ್ ಇಷ್ಟು ಗಂಟೆ ಸುಮ್ಮನೆ ನಿಂತಿತ್ತು" ಅಂತ ಇನ್ಸೆಂಟಿವ್ ಕಡಿದರು. ನಾನು ಯಾಕೆ ನಿಂತಿದ್ದೆ? ಡಂಪರ್ ಬರಲಿಲ್ಲ! ಡಂಪರ್ ಓಡುವ ಹಾಲ್ ರೋಡ್ ಕೆಸರಾಗಿತ್ತು, ಗಾಡಿಗಳು ಡಂಪ್‌ನಲ್ಲಿ ಸಾಲು ನಿಂತಿದ್ದವು. ನಾನು ಬಕೆಟ್ ತುಂಬಿಕೊಂಡು, ಗಾಳಿಯಲ್ಲಿ ಎತ್ತಿ ಹಿಡಿದು, ಕಾಯುತ್ತಾ ಕೂತಿದ್ದೆ. ಇಂಜಿನ್ ಓಡುತ್ತಿತ್ತು, ಚಲನೆ ಇಲ್ಲ. ಕಂಪ್ಯೂಟರ್ ಪ್ರಕಾರ ನಾನು ಸೋಮಾರಿ. ಆಮೇಲೆ ಏನಾಯಿತು ಗೊತ್ತುಂಟಾ? ಕೆಲವರು ಡಂಪರ್ ಇಲ್ಲದಿದ್ದರೂ ಸುಮ್ನೆ ಬೂಮ್ ಆಡಿಸುತ್ತಾ ಇರುತ್ತಿದ್ದರು. ಡೀಸೆಲ್ ಸುಟ್ಟಿತು, ಕೀಲಿನ ಪಿನ್ ಸವೆಯಿತು, ಒಂದು ಟನ್ ಕೆಲಸವೂ ಆಗಲಿಲ್ಲ. ಹಾಗೆ ಮಾಡಿದವರನ್ನು ನಾನು ದೂರುವುದಿಲ್ಲ. ಅನ್ನದ ಪ್ರಶ್ನೆ.

ಸರ್ವೇಯರ್ ಸರ್ ಹೇಳಿದ ಹಾಗೆ ಕ್ಯಾಬಿನ್‌ನಲ್ಲಿ ಪರದೆ ಕೊಡಿ. ರಾತ್ರಿ ಪಾಳಿಯಲ್ಲಿ, ಧೂಳಿನಲ್ಲಿ, ಫ್ಲಡ್ ಲೈಟ್ ಬೆಳಕಿಗೆ ಜೇಡಿಕಲ್ಲೂ ಕಲ್ಲಿದ್ದಲೂ ಎರಡೂ ಕಪ್ಪೇ. ಹಲ್ಲು ತಾಗಿದ ಶಬ್ದ, ಕೈಗೆ ಬರುವ ಬಿಗಿ, ಇದರಿಂದಲೇ ನಾವು ಅಂದಾಜು ಮಾಡುವುದು. "ಇನ್ನು 40 ಸೆಂಟಿಮೀಟರಿಗೆ ಕಲ್ಲಿದ್ದಲು" ಅಂತ ಒಂದು ಗೆರೆ ಕಂಡರೆ ನಾನೇ ನಿಧಾನ ಮಾಡುತ್ತೇನೆ. ಯಾವ ಆಪರೇಟರ್‌ಗೂ ಕೆಲಸ ಕೆಡಿಸುವ ಆಸೆ ಇಲ್ಲ.

ಇನ್ನೊಂದು. ಬಕೆಟ್ಟಿನ ಹಲ್ಲು ಸವೆದು ಗಿಡ್ಡವಾಗುತ್ತದೆ. ಹೊಸ ಹಲ್ಲು ಹಾಕಿದ ದಿನ ಉದ್ದ ಒಮ್ಮೆಗೇ ಜಾಸ್ತಿಯಾಗುತ್ತದೆ. ಅದನ್ನು ಪರದೆಯಲ್ಲಿ ನಾವೇ ತಿದ್ದುವ ಹಾಗೆ ಇಡಿ. ಇಂಜಿನಿಯರ್ ಬರುವವರೆಗೆ ಕಾಯಲಿಕ್ಕೆ ಆಗುವುದಿಲ್ಲ.

ಪಡುಬಿದ್ರಿ_ಬೆಲ್ಟ್ ಬರೆದದ್ದು:

ಆಪರೇಟರ್ ಅಣ್ಣ ಹಲ್ಲಿನ ಮಾತು ತೆಗೆದದ್ದು ಒಳ್ಳೆಯದಾಯಿತು. ನಾನು ವಿದ್ಯುತ್ ಸ್ಥಾವರದ ಕೋಲ್ ಹ್ಯಾಂಡ್ಲಿಂಗ್‌ನಲ್ಲಿ ಕೆಲಸ ಮಾಡಿದವನು. ನಮ್ಮ ಪಡುಬಿದ್ರಿ ಕಡೆಯ ಸ್ಥಾವರ ಪಣಂಬೂರು ಬಂದರಿಗೆ ಹಡಗಿನಲ್ಲಿ ಬರುವ ವಿದೇಶಿ ಕಲ್ಲಿದ್ದಲಿಗೆಂದೇ ಕಟ್ಟಿದ್ದು. ನಾನು ಹೇಳುವುದು ಬೇರೆ ರಾಜ್ಯದ, ದೇಶಿ ಕಲ್ಲಿದ್ದಲಿನ ಸ್ಥಾವರದ ಅನುಭವ.

ಶೋವೆಲ್‌ನಿಂದ ಕಳಚಿದ ಒಂದು ಹಲ್ಲು ಕಲ್ಲಿದ್ದಲಿನ ಜೊತೆ ಕ್ರಷರ್‌ಗೆ ಬಂದರೆ ಅಲ್ಲಿಗೆ ಕೆಲಸ ನಿಂತಿತು. ಬೆಲ್ಟ್ ಮೇಲೆ ಅಯಸ್ಕಾಂತ ಇಟ್ಟಿರುತ್ತಾರೆ. ಆದರೆ ಶೋವೆಲ್ ಹಲ್ಲಿಗೆ ಬಳಸುವ ಕೆಲವು ಉಕ್ಕು ಅಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲ. ಹಲ್ಲು ಕಳಚಿತು ಅಂತ ಗಣಿಯಲ್ಲೇ ಕ್ಯಾಮೆರಾ ಹಿಡಿದು ಹೇಳಿದರೆ, ಆ ಹೊತ್ತಿಗೆ ಯಾವ ಡಂಪರ್ ತುಂಬುತ್ತಿತ್ತು ಅಂತ ಟ್ರ್ಯಾಕಿಂಗ್‌ನಿಂದ ಸಿಕ್ಕಿದರೆ, ಒಂದು ಗಾಡಿಯನ್ನು ಬದಿಗೆ ಸುರಿದು ಹುಡುಕಿದರೆ ಮುಗಿಯಿತು.

ಕಲ್ಲಿನ ಕಥೆಯೂ ಅದೇ. ದೇಶಿ ಕಲ್ಲಿದ್ದಲಿನಲ್ಲಿ ಬೂದಿ ಸಾಮಾನ್ಯವಾಗಿ ಶೇಕಡಾ 30ರಿಂದ 45. ಅದರ ಮೇಲೆ ಜೇಡಿಕಲ್ಲೂ ಸೇರಿದರೆ ಬಾಯ್ಲರ್‌ನವರು ಅಳುತ್ತಾರೆ. ಪ್ರತಿ ಬಕೆಟ್ ಯಾವ ಪದರದಿಂದ ಬಂತು ಅಂತ ಗುರುತಿದ್ದರೆ ಕಲ್ಲಿದ್ದಲಿನ ಗುಣಮಟ್ಟದ (ಗ್ರೇಡ್) ಜಗಳ ಎಷ್ಟೋ ಕಡಿಮೆಯಾಗುತ್ತದೆ.

ಕಾರ್ಕಳ_ಟಿಪ್ಪರ್ ಬರೆದದ್ದು:

ಸರಿ, ಬಕೆಟ್ ವಿಷಯ ಒಪ್ಪುತ್ತೇನೆ. ಆದರೆ ಗುತ್ತಿಗೆದಾರನ ಜೇಬು ನೋಡಿ. ಎಲ್ಲ ಯಂತ್ರಕ್ಕೂ ಇಷ್ಟೆಲ್ಲ ಹಾಕಲಿಕ್ಕೆ ಆಗುತ್ತದಾ?

ಕುದುರೆಮುಖ_ಸರ್ವೇಯರ್ ಬರೆದದ್ದು:

ಎಲ್ಲದಕ್ಕೂ ಬೇಡ. ಡಂಪರ್‌ಗೆ ನಿಮ್ಮ ಕೋರೆಯ ಪೆಟ್ಟಿಗೆಯಂಥದ್ದೇ ಸಾಕು, ರೇಡಿಯೋ ಮಾತ್ರ ಬದಲಿಸಬೇಕು. ಡಂಪರ್ ಯಾವ ಶೋವೆಲ್ ಹತ್ತಿರ ಇದೆ, ಕ್ರಷರ್‌ಗೆ ಹೋಯಿತಾ ಡಂಪ್‌ಗೆ ಹೋಯಿತಾ ಅಂತ ತಿಳಿಯಲಿಕ್ಕೆ 5 ಮೀಟರ್ ತಪ್ಪಿದ್ದರೂ ನಡೆಯುತ್ತದೆ. ಮೇಲಿನ ಬೆಂಚುಗಳಲ್ಲಿ ಬರೀ ಬಂಡೆ ತೆಗೆಯುವ ಶೋವೆಲ್‌ಗೂ ಸೆಂಟಿಮೀಟರ್ ಬೇಡ. ಕಲ್ಲಿದ್ದಲಿನ ಗೆರೆಯ ಹತ್ತಿರ ಕೆಲಸ ಮಾಡುವ ಯಂತ್ರಗಳಿಗೆ ಪೂರ್ತಿ ವ್ಯವಸ್ಥೆ ಹಾಕಿ. ಅಂಥವು ಕೆಲವೇ ಇರುತ್ತವೆ.

ಆಪರೇಟರ್ ಅವರ ಮಾತಿಗೆ ಬರುತ್ತೇನೆ. ಅವರಿಗೆ ಆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಶೋವೆಲ್ ಒಂದು ಡಂಪರನ್ನು 3 ನಿಮಿಷದಲ್ಲಿ ತುಂಬುತ್ತದೆ, ಡಂಪರ್ ಸುರಿದು ಬಂದು ಮತ್ತೆ ತುಂಬಿಸಿಕೊಳ್ಳುವ ಪೂರ್ತಿ ಸುತ್ತಿಗೆ 18 ನಿಮಿಷ ಅಂತಿಟ್ಟುಕೊಳ್ಳಿ. 6 ಡಂಪರ್ ಸರಿಯಾಗಿ ಹೊಂದುತ್ತವೆ. ಡಂಪ್ ದೂರವಾಗಿ ಸುತ್ತು 24 ನಿಮಿಷ ಆಯಿತು, ಡಂಪರ್ ಅಷ್ಟೇ ಉಳಿದವು. ಆಗ ಪ್ರತಿ 24 ನಿಮಿಷದಲ್ಲಿ 6 ನಿಮಿಷ ಶೋವೆಲ್ ಕಾಯಲೇಬೇಕು. ಸಮಯದ ಕಾಲು ಭಾಗ! ಆಪರೇಟರ್ ಎಷ್ಟೇ ಚುರುಕಾದರೂ ಅದು ತಪ್ಪುವುದಿಲ್ಲ. ಅದು ಪ್ಲಾನಿಂಗ್‌ನವರ ಹೊಣೆ. ಇದನ್ನು ಕಂಪ್ಯೂಟರ್‌ನಿಂದ ಹೊಂದಿಸುವುದು ಹೊಸದೇನೂ ಅಲ್ಲ. ಅಮೆರಿಕದ ಟೈರೋನ್ ತಾಮ್ರದ ಗಣಿಯಲ್ಲಿ 1980ರ ಹೊತ್ತಿಗೇ ಡಂಪರ್‌ಗಳನ್ನು ಹೀಗೆ ಹಂಚುತ್ತಿದ್ದರು. ನಮ್ಮ ಕೋಲ್ ಇಂಡಿಯಾ ಗಣಿಗಳಲ್ಲೂ ಟ್ರಕ್ ಡಿಸ್ಪ್ಯಾಚ್ ವ್ಯವಸ್ಥೆ ಬಂದಿದೆ.

ಹಾಗಾಗಿ "ನಿಂತಿದೆ" ಅನ್ನುವ ಒಂದೇ ಹೆಸರು ಇಡಬೇಡಿ. ಡಂಪರ್‌ಗಾಗಿ ಕಾಯುತ್ತಿದೆ, ರಿಪೇರಿಯಲ್ಲಿದೆ, ಬ್ಲಾಸ್ಟಿಂಗ್‌ಗೆ ಸರಿದಿದೆ, ಡೀಸೆಲ್ ತುಂಬುತ್ತಿದೆ, ಊಟದ ಹೊತ್ತು, ಇವೆಲ್ಲ ಬೇರೆ ಬೇರೆ ಇರಲಿ. ಬಕೆಟ್ ತುಂಬಿಕೊಂಡು ಎತ್ತಿ ಹಿಡಿದಿರುವುದನ್ನು ಕೋನದ ಸೆನ್ಸರ್ ತಾನಾಗಿಯೇ ಹೇಳುತ್ತದೆ. ಹತ್ತಿರ ಡಂಪರ್ ಇಲ್ಲ ಅಂತ ನಕ್ಷೆ ಹೇಳುತ್ತದೆ. ಎರಡನ್ನೂ ಸೇರಿಸಿದರೆ ತಪ್ಪು ಯಾರದ್ದು ಅಂತ ಜಗಳವೇ ಇಲ್ಲ.

ಕೊನೆಗೆ ಒಂದು ವಿಷಯ, ಇದು ನನಗೆ ಎಲ್ಲಕ್ಕಿಂತ ಮುಖ್ಯ. 2016ರ ಡಿಸೆಂಬರ್ 29ರ ರಾತ್ರಿ ಜಾರ್ಖಂಡಿನ ರಾಜ್‌ಮಹಲ್ ತೆರೆದ ಗಣಿಯಲ್ಲಿ ಓಬಿ ಕುಸಿಯಿತು. 23 ಮಂದಿ ಕಾರ್ಮಿಕರು ಸತ್ತರು. ಎಕ್ಸ್‌ಕವೇಟರ್, ಡಂಪರ್‌ಗಳೂ ಅದರೊಳಗೆ ಹೂತುಹೋದವು. ಮೊದಲ ಕೆಲವು ಗಂಟೆ ಒಳಗೆ ಎಷ್ಟು ಜನ ಇದ್ದಾರೆ ಅನ್ನುವುದರ ಬಗ್ಗೆಯೇ ಬೇರೆ ಬೇರೆ ಲೆಕ್ಕ ಬರುತ್ತಿತ್ತು. ಇಂಥ ಹೊತ್ತಿನಲ್ಲಿ ಪ್ರತಿ ಯಂತ್ರದ ಕೊನೆಯ ಸ್ಥಾನ, ಅದರಲ್ಲಿ ಯಾರಿದ್ದರು ಅನ್ನುವ ಮಾಹಿತಿ ಗಣಿಯ ಹೊರಗಿನ ಸರ್ವರಿನಲ್ಲಿ ಇದ್ದರೆ, ಎಲ್ಲಿ ಅಗೆಯಬೇಕು ಅಂತ ಕೂಡಲೇ ಗೊತ್ತಾಗುತ್ತದೆ. ಆಪರೇಟರ್ ಪಾಳಿಗೆ ಹತ್ತುವಾಗ ಕಾರ್ಡ್ ತೋರಿಸಿ ಯಂತ್ರಕ್ಕೆ ಸೇರಿಕೊಳ್ಳುವ ವ್ಯವಸ್ಥೆಯನ್ನು ದಯವಿಟ್ಟು ಬಿಡಬೇಡಿ. ಗೋಡೆಯ ಚಲನೆ ನೋಡುವ ರಾಡಾರ್ ಗಣಿಯಲ್ಲಿದ್ದರೆ ಅದರ ಎಚ್ಚರಿಕೆಯೂ ನೇರ ಕ್ಯಾಬಿನ್‌ನ ಪರದೆಗೆ ಬರಲಿ. ಆಫೀಸಿನವರು ಫೋನ್ ಮಾಡಿ ಹೇಳುವಷ್ಟು ಹೊತ್ತು ಸಿಗುವುದಿಲ್ಲ.

ಹೆಬ್ರಿ_ಆಪರೇಟರ್ ಬರೆದದ್ದು:

ಇದನ್ನು ಓದಿ ಮನಸ್ಸು ಭಾರವಾಯಿತು ಸರ್. ಕಾರ್ಡ್ ತೋರಿಸಲಿಕ್ಕೆ ನಮ್ಮವರು ಯಾರೂ ಬೇಡ ಅನ್ನಲಿಕ್ಕಿಲ್ಲ. ಯಾಕೆ ಅಂತ ಮೊದಲೇ ಕೂರಿಸಿ ಹೇಳಬೇಕು, ಅಷ್ಟೇ.

ಸುರತ್ಕಲ್_ಟ್ರ್ಯಾಕರ್ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಗುತ್ತಿಗೆದಾರರ ಜೊತೆ ಮಾತಾಡಿದೆ. ಕಲ್ಲಿದ್ದಲಿನ ಬೆಂಚಿನಲ್ಲಿರುವ ಎಕ್ಸ್‌ಕವೇಟರ್‌ಗಳಿಗೆ ಮೊದಲು ಪೂರ್ತಿ ವ್ಯವಸ್ಥೆ, ಡಂಪರ್‌ಗಳಿಗೆ ಸರಳ ಪೆಟ್ಟಿಗೆ, ಗಣಿಯದೇ ರೇಡಿಯೋ ನೆಟ್‌ವರ್ಕ್, ಕ್ಯಾಬಿನ್‌ನಲ್ಲಿ ಹಿಂದಿ ಪರದೆ ಅಂತ ಒಪ್ಪಿದ್ದಾರೆ. "ಕಾಯುತ್ತಿದೆ" ಅನ್ನುವುದನ್ನು ಬೇರೆ ತೋರಿಸುವುದಕ್ಕೂ ಒಪ್ಪಿದರು. ಒಂದಕ್ಕೆ ಮಾತ್ರ ಪಟ್ಟು ಹಿಡಿದಿದ್ದಾರೆ. ಬಕೆಟ್ ಲೆಕ್ಕದಿಂದಲೇ ತಿಂಗಳ ಓಬಿ ಬಿಲ್ ಮಾಡಬೇಕಂತೆ. ಅದು ಆಗುತ್ತದಾ?

ಕುದುರೆಮುಖ_ಸರ್ವೇಯರ್ ಬರೆದದ್ದು:

ಬಿಲ್ಲಿಗೆ ಬೇಡ. ಒಡೆದ ಬಂಡೆ ಉಬ್ಬುತ್ತದೆ. ನೆಲದಲ್ಲಿ ಒಂದು ಘನ ಮೀಟರ್ ಇದ್ದದ್ದು ಬಕೆಟ್ಟಿಗೆ ಬರುವಾಗ ಅದಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಎಷ್ಟು ಅನ್ನುವುದು ಬಂಡೆಯ ಮೇಲೆ, ಬ್ಲಾಸ್ಟ್ ಹೇಗಾಯಿತು ಅನ್ನುವುದರ ಮೇಲೆ ಹೋಗುತ್ತದೆ. ಒಂದೊಂದು ಬಕೆಟ್ ತುಂಬುವುದೂ ಒಂದೊಂದು ತರ. ಗುತ್ತಿಗೆಯಲ್ಲಿ ದುಡ್ಡು ನೆಲದಲ್ಲಿದ್ದ ಅಳತೆಗೆ. ಅದನ್ನು ಡ್ರೋನ್, ಲೇಸರ್ ಸ್ಕ್ಯಾನರ್ ಅಥವಾ ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಸರ್ವೆ ಉಪಕರಣ) ಸರ್ವೆಯಿಂದಲೇ ತೆಗೆಯಲಿ. ಬಕೆಟ್ ಲೆಕ್ಕ ದಿನದ ಕೆಲಸ ನೋಡಲಿಕ್ಕೆ ಇರಲಿ. ಸರ್ವೆಗೂ ಅದಕ್ಕೂ ತುಂಬಾ ವ್ಯತ್ಯಾಸ ಬಂದರೆ ಯಾಕೆ ಅಂತ ಹುಡುಕಲಿಕ್ಕೆ ಉಪಯೋಗ.

ಹೋಗುವಾಗ ಒಂದು ಕೆಲಸ ಮಾಡಿ. ಮೊದಲ ಯಂತ್ರಕ್ಕೆ ಸೆನ್ಸರ್ ಕೂರಿಸಿದ ಮೇಲೆ ಬಕೆಟ್ಟನ್ನು ಹತ್ತಿರ, ದೂರ, ಮೇಲೆ, ಕೆಳಗೆ, ಬೇರೆ ಬೇರೆ ಕಡೆ ನಿಲ್ಲಿಸಿ, ಹಲ್ಲಿನ ತುದಿಯನ್ನು ಟೋಟಲ್ ಸ್ಟೇಷನ್‌ನಿಂದ ಅಳೆದು ಪರದೆಯ ಅಂಕಿಗೆ ಹೋಲಿಸಿ. ಹಳೆಯ ಯಂತ್ರದಲ್ಲಿ ಪಿನ್ ಸವೆದು ಸಡಿಲವಾಗಿರುತ್ತದೆ, ಆ ವ್ಯತ್ಯಾಸ ಅಲ್ಲೇ ಸಿಗುತ್ತದೆ. ಆಪರೇಟರನ್ನು ಪಕ್ಕದಲ್ಲೇ ಇಟ್ಟುಕೊಂಡು ಮಾಡಿ. ಸಿಂಗ್ರೌಲಿಯಲ್ಲಿ ಜೂನ್ ಕೊನೆಗೆ ಮಳೆ ಹಿಡಿಯುತ್ತದೆ, ಅದಕ್ಕೆ ಮೊದಲೇ ಮುಗಿಸಿ. ಬೂಮ್ ಮೇಲಿನ ಕೇಬಲ್‌ಗಳಿಗೆ ಉಕ್ಕಿನ ಹೊದಿಕೆ ಹಾಕಿಸಿ. ಬೀಳುವ ಕಲ್ಲಿಗೆ ಮೊದಲು ತುಂಡಾಗುವುದು ಅದೇ.